ಹೊಸ ನಗರಕ್ಕೆ ಬಂದ ಭೀಮಾಬಾಯಿ

ನಮ್ಮ ಸೋದರತ್ತೆ ಭೀಮಾಬಾಯಿ ನಲ್ಲಿ ನೀರು ಮುಟ್ಟುತ್ತಿರಲಿಲ್ಲ. ನಲ್ಲಿಯೊಳಗಿನ ವಾಷರ್ ಚರ್ಮದ್ದು, ಮಡಿಗೆ ಬರುವುದಿಲ್ಲ ಎಂಬುದು ಅವಳ ಹಟ. ಮದರಾಸಿನ ಮೈಲಾಪೂರದ ವಠಾರದಲ್ಲಿ ಬೆಳಗಿನ ಜಾವ ಒದ್ದೆ ಸೀರೆಯಲ್ಲಿ ಬಾವಿಯಿಂದ ಸೇದಿದ ನೀರೇ ಅವಳ ಅಡುಗೆಗೆ, ಅವಳ ಬಾಯಿಗೆ. ಹದಿನಾಲ್ಕಕ್ಕೇ ಗಂಡನನ್ನು ಕಳೆದುಕೊಂಡವಳು. ಅವರಿವರ ಮನೆಯಲ್ಲಿ ಅಡುಗೆ ಮಾಡಿ, ತಾಯಿಯಿಲ್ಲದ ತಮ್ಮನನ್ನು, ಅಂದರೆ ನನ್ನ ಅಪ್ಪ ಮಧ್ವರಾಜನನ್ನು, ನಕ್ಷೆ ಬರೆಯುವ ಕೆಲಸದವರೆಗೆ ಓದಿಸಿದಳು. ಅಕ್ಕನನ್ನು ಒಂದು ದಿನವಾದರೂ ಸ್ವಂತ ಸೂರಿನಡಿ ಕೂರಿಸಬೇಕು ಎನ್ನುವುದೊಂದೇ ಅಪ್ಪನ ಆಸೆಯಾಗಿತ್ತು.

ಸಾವಿರದ ಒಂಬೈನೂರ ಅರವತ್ತಾರರಲ್ಲಿ ಆ ಕಾಲ ಬಂತು. ಅಮಿಂಜಿಕರೆಯಾಚೆ ಗದ್ದೆಗಳನ್ನು ಸಮ ಮಾಡಿ ಹೊಸ ನಗರವೊಂದನ್ನು ಕಟ್ಟುತ್ತಿದ್ದರು. ಅದರ ನಕ್ಷೆಗಳನ್ನು ಇಂಜಿನಿಯರರ ಕರಡು ನೋಡಿ ನಕಲು ತೆಗೆಯುತ್ತಿದ್ದವನು ಅಪ್ಪನೇ. ಅಲ್ಲೇ ನಮಗೂ ಒಂದು ಮನೆ ಸಿಕ್ಕಿತು.

"ಬಾವಿ ಇಲ್ದಿದ್ರೆ ನಾ ಬರಲ್ಲ ಕಣೋ ಮಧ್ವ. ನೀವೆಲ್ಲ ಹೋಗಿ, ಸುಖವಾಗಿರಿ," ಎಂದಳು ಅತ್ತೆ.

"ಪಕ್ಕದ ಬೀದೀಲೇ ಗದ್ದೆ ಬಾವಿ ಇದೆ ಅಕ್ಕಾ. ಅದನ್ನ ನೋಡೇ ಆ ಮನೆ ಕೇಳಿದ್ದು. ನೀ ಬರದೆ ನಾನೂ ಹೋಗಲ್ಲ."

ಮನೆ ತೋರಿಸಲು ಅಪ್ಪ ನಮ್ಮನ್ನೆಲ್ಲ ಬಸ್ಸಿನಲ್ಲಿ ಕರೆದುಕೊಂಡು ಹೋದ. ಕೊಡ, ಹಗ್ಗ, ಲೋಟ ಹಿಡಿದು ಅತ್ತೆ ನೇರ ಬಾವಿಗೇ ನಡೆದಳು. ಬಾವಿ ಇರಲಿಲ್ಲ! ಲಾರಿಯೊಂದು ಕೊನೆಯ ಮಣ್ಣು ಸುರಿಯುತ್ತಿತ್ತು. ಅಪ್ಪ ಮೇಸ್ತ್ರಿಯ ಮೇಲೆ ಹಾರಾಡಿದ. ಅವನು ತಣ್ಣಗೆ ನಕ್ಷೆ ಬಿಚ್ಚಿದ. "ಸಾರ್, ಇದು ಉಂಗ ಕೈಯೆಳುತ್ತುದಾನೇ?" ಎಂದು ಕೇಳಿದ. ಹೌದು, ಅಪ್ಪನದೇ ಕೈಬರಹ. ನಾಲ್ಕು ತಿಂಗಳ ಹಿಂದೆ ನೂರಾರು ಗುರುತುಗಳ ನಡುವೆ ಆ ಬಾವಿಯ ಮೇಲೂ ಅಡ್ಡಗೆರೆ ಎಳೆದು, 'ಮುಚ್ಚುವುದು' ಎಂದು ಬರೆದಿದ್ದ. ಕಾಗದದ ಮೇಲೆ ಅದು ಬರೀ ಒಂದು ಸಂಖ್ಯೆಯಾಗಿತ್ತು. ನಗರ ಕಟ್ಟುವವರಿಗೆಲ್ಲ ಹೀಗೆಯೇ ಏನೋ, ನನಗೆ ಈಗಲೂ ಸಿಟ್ಟು ಬರುತ್ತದೆ.

ಅಪ್ಪ ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟ. "ನನ್ನ ಕೈಯಾರೆ ಮುಚ್ಚಿಬಿಟ್ಟೆ ಅಕ್ಕಾ. ಮನೆ ವಾಪಸ್ ಕೊಡ್ತೀನಿ. ಮೈಲಾಪೂರದಲ್ಲೇ ಇರೋಣ," ಎಂದು ಮಗುವಿನ ಹಾಗೆ ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅತ್ತೆ ಮೇಸ್ತ್ರಿಯ ಕೈಯಿಂದ ನಕ್ಷೆ ತೆಗೆದುಕೊಂಡಳು. ಅವಳಿಗೆ ಓದು ಬರದು. "ಈ ಬೀದಿಗಳೆಲ್ಲ ನೀನು ಬರ್ದಿದ್ದಾ?"

"ಹೂಂ."

"ಇಷ್ಟೊಂದು ಜನ ನಿನ್ನ ಗೆರೆ ನಂಬ್ಕೊಂಡು ಬರ್ತಾರೆ. ನಾನೊಬ್ಳು ಬರಲ್ಲ ಅನ್ಲಾ? ಏಳು, ಹುಚ್ಚಪ್ಪ."

ಮನೆಯೊಳಗೆ ಹೋಗಿ ಅಡುಗೆಮನೆಯ ನಲ್ಲಿ ತಿರುಗಿಸಿದಳು. ತುಂಬ ಹೊತ್ತು ನೀರು ಹರಿಯಲು ಬಿಟ್ಟಳು. ಆಮೇಲೆ ಲೋಟ ತುಂಬಿ, ಕಣ್ಣು ಮುಚ್ಚಿ, ಎತ್ತಿ ಕುಡಿದಳು.

"ಸಿಹಿಯಾಗಿದೆ," ಎಂದು ಇನ್ನೊಂದು ಲೋಟ ತುಂಬಿ ಅಪ್ಪನಿಗೆ ಕೊಟ್ಟಳು. ಅಪ್ಪ ಅಳುತ್ತಲೇ ಕುಡಿದ.