ತಂಗಿಯ ಗಾಡಿಗೆ ಬಂದ ಜ್ವರ

ಔಷಧಿ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಕೂತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಮಗುವಿನ ಹಣೆಯಿರಲಿ, ಚಹಾದ ಲೋಟವಿರಲಿ, ಮುಟ್ಟಿದ ತಕ್ಷಣ ಜ್ವರ ಎಷ್ಟಿದೆ ಎಂದು ಅಂದಾಜು ಮಾಡುವ ಚಟ. ನನ್ನ ಲೋಕದಲ್ಲಿ ತೊಂಬತ್ತೊಂಬತ್ತು ದಾಟಿದರೆ ಮಾತ್ರೆ, ನೂರಾ ನಾಲ್ಕು ದಾಟಿದರೆ ಶಿವಮೊಗ್ಗದ ಬಸ್ಸು. ಇಂಥವನ ಕಣ್ಣಿಗೆ ಒಂದು ಭಾನುವಾರ ಬೆಳಿಗ್ಗೆ, ತಂಗಿಯ ಸ್ಕೂಟರಿನ ಮೇಲೆ, ನೂರಾ ಅರವತ್ತೆಂಟು ಎಂಬ ಕೆಂಪು ಅಂಕಿ ಬಿದ್ದರೆ ಗತಿಯೇನು ನೀವೇ ಹೇಳಿ. ಅದೂ ಸೆಂಟಿಗ್ರೇಡಿನಲ್ಲಿ! ನೀರು ಕುದಿಯುವುದೇ ನೂರಕ್ಕೆ.

ತಂಗಿ ನೀಲಾ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಎಳವೆಯಲ್ಲೇ ಪೋಲಿಯೊ ಅವಳ ಬಲಗಾಲನ್ನು ಸೊರಗಿಸಿತು. ಅವಳ ಸ್ಕೂಟರಿನ ಹಿಂದಿನ ಗಾಲಿಯ ಎಡಬಲಕ್ಕೆ ಇನ್ನೆರಡು ಗಾಲಿ ಕೂರಿಸಿದ್ದಾರೆ. ಎಣಿಸಿದರೆ ನಾಲ್ಕು, ಆದರೆ ಶಿಕಾರಿಪುರದಲ್ಲಿ ಎಲ್ಲರ ಬಾಯಲ್ಲೂ ಅದು ಮೂರು ಗಾಲಿ ಗಾಡಿ. ಅದರ ಮೇಲೆ ಅವಳು ಇಷ್ಟು ವರ್ಷ ಊರಿನ ಹೈಸ್ಕೂಲಿಗೆ ಹೋಗಿ ಗಣಿತ ಕಲಿಸಿದಳು. ಈಗ ಸೊರಬದ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂದಿತ್ತು. ಗುರುವಾರದೊಳಗೆ ಹೋಗಿ ಹಾಜರಾಗಬೇಕು, ಇಲ್ಲವೇ ಬೇಡವೆಂದು ಬರೆದುಕೊಡಬೇಕು. ಅವಳು ಹೋಗುವುದೆಂದು ನಿರ್ಧರಿಸಿಬಿಟ್ಟಿದ್ದಳು. ದಿನಾ ಅಷ್ಟು ದೂರ, ಆ ಗಾಡಿಯಲ್ಲಿ, ಒಬ್ಬಳೇ!

ಬೇಡವೆನ್ನಲು ಬಾಯಿ ಬರಲಿಲ್ಲ. ಬದಲಿಗೆ ಒಂದು ಉಡುಗೊರೆ ತರಿಸಿದೆ, ಇಂಜಿನ್ನಿನ ಬಿಸಿ ತೋರಿಸುವ ಮೀಟರು. ಬೇರೆ ಅಣ್ಣಂದಿರು ಸೀರೆ ಕೊಡಿಸುತ್ತಾರೆ, ನಾನು ಥರ್ಮಾಮೀಟರು ಕೊಡಿಸಿದೆ. ಬಸ್‌ಸ್ಟ್ಯಾಂಡ್ ಹಿಂದಿನ ಮೆಕ್ಯಾನಿಕ್ ಮುನೀರ್ ಅದನ್ನು ಕೂರಿಸಿಕೊಟ್ಟ. ಅವಳು ಗಾಡಿಯಲ್ಲಿ, ನಾನು ಬೈಕಿನಲ್ಲಿ ಅಂಜನಾಪುರದವರೆಗೆ ಹೋಗಿಬಂದು ನೋಡಿದರೆ ಈ ನೂರಾ ಅರವತ್ತೆಂಟು. ಪಕ್ಕದಲ್ಲೇ ನಿಂತಿದ್ದ ನನ್ನ ಬೈಕಿನ ಬಿಸಿ ತೋರಿಸುವ ಫಲಕ ನೋಡಿದೆ, ಎಂಬತ್ತೆಂಟು. ನನ್ನದು ಎಂಬತ್ತೆಂಟು, ಅವಳದು ಅದರ ಹತ್ತಿರ ಹತ್ತಿರ ಎರಡರಷ್ಟು! ಗಾಡಿ ಯಾವ ಗಳಿಗೆಯಲ್ಲಾದರೂ ಹೊತ್ತಿಕೊಳ್ಳುತ್ತದೆಂದು ಖಾತ್ರಿಯಾಯಿತು. ಕೀಲಿಯನ್ನು ಕಿಸೆಗೆ ಹಾಕಿಕೊಂಡು ಅಂಗಡಿಗೆ ಹೋದವನು, ಅದನ್ನು ಬಿ ಕಾಂಪ್ಲೆಕ್ಸ್ ಡಬ್ಬಿಗಳ ಹಿಂದೆ ಬಚ್ಚಿಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. ಬಿಳಿ ಹಾಳೆ ತೆಗೆದು, ಮುದ್ದಾದ ಅಕ್ಷರದಲ್ಲಿ, ವೈಯಕ್ತಿಕ ಕಾರಣಗಳಿಂದ ನನಗೆ ಈ ಬಡ್ತಿ ಬೇಡ ಎಂದು ಅವಳ ಪರವಾಗಿ ಅರ್ಜಿ ಬರೆದೆ. ಸಹಿಗೆ ಮಾತ್ರ ಜಾಗ ಬಿಟ್ಟೆ.

ಬಿಸಿಯನ್ನು ಅಂಕಿಯಲ್ಲಿ ಓದುವುದು ನಮ್ಮ ಜನಕ್ಕೆ ಅಷ್ಟಾಗಿ ಒಗ್ಗಿದ ವಿದ್ಯೆಯಲ್ಲ. ನಮಗೆ ಪಪ್ಪಾಯಿ ಫ್ರಿಜ್ಜಿನಲ್ಲಿಟ್ಟರೂ ಉಷ್ಣ, ಎಳನೀರು ಬಿಸಿಲಲ್ಲಿ ಬಿದ್ದಿದ್ದರೂ ತಂಪು. ದೋಸೆಯ ಕಾವಲಿಗೆ ಯಾರೂ ಮೀಟರು ಹಚ್ಚುವುದಿಲ್ಲ, ನಾಲ್ಕು ಹನಿ ಚಿಮುಕಿಸಿ ಚುಯ್ ಎಂದರೆ ಹಿಟ್ಟು ಹೊಯ್ಯುತ್ತೇವೆ. ನಮ್ಮಪ್ಪ ಗದ್ದೆಯಲ್ಲಿ ಡೀಸೆಲ್ ಪಂಪು ಓಡಿಸುವಾಗ ಇಂಜಿನ್ನಿನ ಸುತ್ತ ಹರಿದು ಹೊರಬೀಳುವ ನೀರಿಗೆ ಕೈಯೊಡ್ಡುತ್ತಿದ್ದ. ಕೈ ತಡೆದುಕೊಂಡರೆ ಓಡಲಿ, ಸುಟ್ಟರೆ ನಿಲ್ಲಿಸು. ನನಗೆ ಗೊತ್ತಿದ್ದ ಇಂಜಿನ್ ಶಾಸ್ತ್ರ ಅಷ್ಟೇ. ಅದರಲ್ಲೂ ನನಗೆ ಚೆನ್ನಾಗಿ ಬಾಯಿಪಾಠವಾಗಿದ್ದದ್ದು ಕೊನೆಯ ಶಬ್ದ.

ಸೋಮವಾರ ಮುನೀರನ ಬಳಿ ಹೋಗಿ ಕೂಗಾಡಿದೆ. ಅವನು ಕೈ ಒರೆಸಿಕೊಳ್ಳುತ್ತ ಕೇಳಿದ, “ಅಣ್ಣಾರೆ, ಜ್ವರ ನೋಡಾಕೆ ಥರ್ಮಾಮೀಟರ್ ಎಲ್ಲಿ ಇಡ್ತೀರಿ?”

“ಬಗಲಲ್ಲಿ, ಇಲ್ಲಾ ನಾಲಿಗೆ ಕೆಳಗೆ.”

“ಎರಡೂ ಕಡಿ ಒಂದೇ ಬರ್ತತೇನ್ರಿ?”

ಬಗಲಿನ ಲೆಕ್ಕ ಬೇರೆ, ನಾಲಿಗೆಯ ಲೆಕ್ಕ ಬೇರೆ ಎಂದು ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಉಪದೇಶ ಮಾಡುವವನು ನಾನೇ.

“ನಿಮ್ಮ ಬೈಕು ತೋರಿಸೋದು ಇಂಜಿನ್ ಸುತ್ತ ತಿರುಗೋ ನೀರಿನ ಬಿಸಿ. ಅಕ್ಕಾರ ಗಾಡ್ಯಾಗೆ ನೀರೇ ಇಲ್ರಿ, ಗಾಳಿನೇ ಅದನ್ನ ತಂಪು ಮಾಡೋದು. ಮೀಟರಿನ ತಂತಿ ಕೂತಿರೋದು ಪ್ಲಗ್ಗಿನ ಬುಡಕ್ಕೆ, ಬೆಂಕಿ ಹತ್ತೋ ಜಾಗದ ಪಕ್ಕ. ಅಲ್ಲಿ ಅಷ್ಟು ಇರಬೇಕಾದ್ದೇ. ಆಯಿಲ್ಲಿಗೆ ತಂತಿ ಬಿಟ್ರೆ ಇನ್ನೊಂದು ನಂಬರ್ ಬರ್ತತಿ. ಒಂದಿನದ ನಂಬರ್ ಹಿಡ್ಕಂಡು ಹೆದರಬ್ಯಾಡ್ರಿ. ದಿನಾ ಎಷ್ಟಿರ್ತತಿ ನೋಡ್ಕಳ್ರಿ. ಅದಕ್ಕಿಂತ ಒಮ್ಮೆಲೇ ಏರಿದ್ರೆ ಆವಾಗ ಬರ್ರಿ.”

ಬುದ್ಧಿ ಒಪ್ಪಿತು, ಎದೆ ಒಪ್ಪಲಿಲ್ಲ. ಕೀಲಿ ವಾಪಸ್ಸು ಕೊಟ್ಟೆ, ಆದರೆ ಗುರುವಾರ ಸೊರಬದ ತನಕ ನಾನೂ ಹಿಂದೆ ಕೂತು ಬರುತ್ತೇನೆಂದು ಷರತ್ತು ಹಾಕಿದೆ. ಅರ್ಜಿ ಅಂಗಿಯ ಕಿಸೆಯಲ್ಲೇ ಇತ್ತು.

ಗುರುವಾರ ಹೊರಟೆವು. ಶಿರಾಳಕೊಪ್ಪದ ರಸ್ತೆ ಹಿಡಿದು ಸ್ವಲ್ಪ ದೂರ ಹೋಗಿರಬೇಕು, ಅವಳ ಭುಜದ ಮೇಲಿಂದ ಇಣುಕಿ ನೋಡಿದೆ. ನೂರಾ ಅರವತ್ತಾರು. “ನಿಲ್ಲಿಸು” ಎಂದೆ. ಇನ್ನಷ್ಟು ದೂರ ಹೋದ ಮೇಲೆ ಮತ್ತೆ “ನಿಲ್ಲಿಸು.” ಮೂರನೇ ಸಲ ಅವಳು ಒಂದು ಹುಣಿಸೆ ಮರದಡಿ ಗಾಡಿ ನಿಲ್ಲಿಸಿದಳು. ಇಂಜಿನ್ ಆಫ್ ಮಾಡಬೇಡ, ಇಳಿಯುತ್ತದೋ ನೋಡೋಣ ಎಂದೆ. ಅಂಕಿ ಇಳಿಯಲಿಲ್ಲ. ನೂರಾ ಎಪ್ಪತ್ತೆರಡು, ಎಪ್ಪತ್ತೊಂಬತ್ತು, ಎಂಬತ್ತನಾಲ್ಕು! ಕಿಸೆಗೆ ಕೈ ಹಾಕಿ ಸಿಕ್ಕಿದ ಕಾಗದ ತೆಗೆದು ಇಂಜಿನ್ನಿಗೆ ಗಾಳಿ ಬೀಸತೊಡಗಿದೆ.

“ಅದೇನು ಕಾಗದ?” ಎಂದಳು ನೀಲಾ.

ಆಗಲೇ ನನಗೆ ಕೈಯಲ್ಲಿರುವುದು ಏನೆಂದು ಗೊತ್ತಾದದ್ದು. ಮಡಚುವಷ್ಟರಲ್ಲಿ ಅವಳು ಕಿತ್ತುಕೊಂಡಳು. ಪೂರ್ತಿ ಓದಿದಳು. ಕೂಗುತ್ತಾಳೆಂದುಕೊಂಡೆ, ಕೂಗಲಿಲ್ಲ. ಹುಡುಗರಿಗೆ ಲೆಕ್ಕ ಬಿಡಿಸಿ ತೋರಿಸುವ ಧ್ವನಿಯಲ್ಲಿ ಹೇಳಿದಳು.

“ಟ್ರೇನಿಂಗಿಗೆ ಸೀಟು ಸಿಕ್ಕಾಗ ಒಂದು ವರ್ಷ ತಡಿ ಅಂದಿ. ಲೈಸೆನ್ಸ್ ಮಾಡಿಸ್ತೀನಿ ಅಂದಾಗ ಎರಡು ವರ್ಷ ತಡಿ ಅಂದಿ. ಆ ಹಿರೇಕೆರೂರಿನವರು ಸಂಬಂಧ ಕೇಳ್ಕಂಡು ಬಂದಾಗಲೂ ವಿಚಾರ ಮಾಡಣ ತಡಿ ಅಂದಿ. ಅವರು ಕಾಯಲಿಲ್ಲ.”

ಹಿರೇಕೆರೂರಿನವರು ಬಂದದ್ದನ್ನೇ ನಾನು ಮರೆತಿದ್ದೆ. ಇಷ್ಟು ವರ್ಷ ನನ್ನ ಲೆಕ್ಕದಲ್ಲಿ ನೀಲಾ ಮದುವೆಯಾಗಲಿಲ್ಲ, ಅಷ್ಟೇ. ಅವಳ ಲೆಕ್ಕದಲ್ಲಿ ಅದಕ್ಕೊಂದು ದಿನ ಇತ್ತು, ಒಂದು ಮಾತಿತ್ತು, ಆ ಮಾತು ನನ್ನದಾಗಿತ್ತು. ಜೀವಮಾನದಲ್ಲಿ ನಾನು ಅಷ್ಟು ಬೆಚ್ಚಿಬಿದ್ದದ್ದಿಲ್ಲ. ಕ್ಷಮಿಸು ಎನ್ನಬೇಕಿತ್ತು. ನನ್ನ ಬಾಯಿಂದ ಹೊರಟದ್ದು, “ನೂರಾ ಎಂಬತ್ತೇಳಾಯ್ತು ಕಣೆ” ಎಂಬ ಮಾತು.

“ನಿಂತಷ್ಟೂ ಏರ್ತತಿ ಅಣ್ಣಾ. ಗಾಳಿ ಬೇಕು ಅದಕ್ಕೆ. ಕೂತ್ಕ.”

ಕೂತೆ. ಗಾಡಿ ಓಡಿತು. ತಲೆಯೆತ್ತಿ ನೋಡುವ ಧೈರ್ಯವಿಲ್ಲದೆ ಅವಳ ಬೆನ್ನ ಹಿಂದಿನಿಂದ ಓರೆಗಣ್ಣಲ್ಲಿ ನೋಡಿದೆ. ನೂರಾ ಎಂಬತ್ತು, ಎಪ್ಪತ್ತೈದು, ಎಪ್ಪತ್ತು. ಅಂಕಿ ಒಂದೊಂದೇ ಮೆಟ್ಟಿಲಿಳಿದು ತನ್ನ ದಿನದ ಜಾಗದಲ್ಲಿ ಕೂತಿತು. ನನ್ನ ಮುಖದ ಬಿಸಿ ಮಾತ್ರ ಇಳಿಯಲಿಲ್ಲ.

ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನೆದುರು ಗಾಡಿ ನಿಲ್ಲಿಸಿ, “ಇಳಿ ಅಣ್ಣಾ. ಇಲ್ಲಿಂದ ನಾನೊಬ್ಬಳೇ ಹೋಗ್ತೀನಿ” ಎಂದಳು. ನಾನು ಇಳಿದೆ. ಅವಳು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ಹರಿದೆಸೆದಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ. ಗಾಡಿ ಸೊರಬದ ತಿರುವಿನಲ್ಲಿ ಕಾಣದಾಯಿತು. ನಾನು ಎರಡು ಚಹಾ ಕುಡಿದೆ, ಶಿಕಾರಿಪುರದ ಎರಡು ಬಸ್ಸು ಬಿಟ್ಟೆ. ಅವಳು ಮುಟ್ಟಿದ ಸುದ್ದಿ ಬರದೆ ಕಾಲು ಮೇಲೇಳಲಿಲ್ಲ.

ಹನ್ನೊಂದರ ಸುಮಾರಿಗೆ ಫೋನ್ ಬಂತು. “ಹಾಜರಾದೆ. ಮಕ್ಕಳು ಪ್ರಾರ್ಥನೆಗೆ ನಿಂತಿದ್ರು, ಗಾಡಿ ಸೀದಾ ಒಳಗೇ ಬಿಟ್ಟೆ.” ಆಮೇಲೆ ನಗು ತಡೆದುಕೊಂಡು, “ಅಣ್ಣಾ, ನೀ ಇಳಿದ ಮೇಲೆ ನೂರೈವತ್ತು ದಾಟಲಿಲ್ಲ” ಎಂದಳು.

ಹೌದಾ ಎಂದೆ. ಸಂಜೆ ಕತ್ತಲಾಗುವ ಮೊದಲೇ ಹೊರಡು, ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಬಸ್ಸು ಹತ್ತಿದೆ.