ಕೊಯ್ದ ಹುಂಜದ ಕೂಗು

ಜಗಳ ಮಾಡುವುದೆಂದರೆ ನನಗೆ ಮೊದಲಿನಿಂದಲೂ ಒಂದು ರುಚಿ. ಕಬಕದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಕಾಲು ಮೆಷಿನಿನ ಮೇಲೆ, ಕಣ್ಣು ಬಟ್ಟೆಯ ಮೇಲೆ, ಬಾಯಿ ಮಾತ್ರ ಖಾಲಿ. ಆ ಬಾಯಿಗೆ ಕೆಲಸ ಕೊಟ್ಟದ್ದು ಫೋನಿನ ಒಂದು ಗ್ರೂಪ್. ಪುತ್ತೂರು, ಸುಳ್ಯ, ಕಡಬದ ಹೆಂಗಸರೇ ಇದ್ದ ಆ ಗ್ರೂಪಿಗೆ ನಾನೇ ಅಡ್ಮಿನ್. ಹೆಣ್ಣಿನ ನಿರ್ಧಾರ ಹೆಣ್ಣಿನದ್ದೇ ಎಂದು ದಿನಕ್ಕೆ ಎರಡು ಸಲವಾದರೂ ಬರೆಯುತ್ತಿದ್ದೆ. ಯಾರಾದರೂ ಅಲ್ಲ ಎಂದರೆ ಮುಗಿಯಿತು, ಊಟ ತಣ್ಣಗಾದರೂ ನಾನು ಬಿಡುತ್ತಿರಲಿಲ್ಲ.

ಗ್ರೂಪಿನಲ್ಲಿ ಆಲಂಕಾರು ಕಡೆಯ ಒಬ್ಬಳಿದ್ದಳು, ಬೀಡಿ ಕಟ್ಟುವವಳು. ಬೀಡಿ ಕಟ್ಟುವವರು ಟೈಪ್ ಮಾಡುವುದಿಲ್ಲ. ಎರಡೂ ಕೈಗೆ ಕೆಲಸ, ಬೆರಳಿಗೆಲ್ಲ ಹೊಗೆಸೊಪ್ಪಿನ ಪುಡಿ. ಫೋನನ್ನು ಪಕ್ಕದಲ್ಲಿಟ್ಟುಕೊಂಡು ಮಾತಾಡಿ ಕಳಿಸುತ್ತಾರೆ. ಅವಳ ಮಾತಿನ ಹಿಂದೆ ಎಲೆ ಕತ್ತರಿಸುವ ಕತ್ತರಿಯ ಸದ್ದು ಯಾವಾಗಲೂ ಇರುತ್ತಿತ್ತು, ಕಚ್ ಕಚ್ ಎಂದು. ಒಮ್ಮೆ ರವಿಕೆ ಹೊಲಿಸಲಿಕ್ಕೆ ಅಂಗಡಿಗೆ ಬಂದವಳು ಅಳತೆಗೆ ಕೊಟ್ಟ ಹಳೆಯ ರವಿಕೆಯನ್ನು ನನ್ನಲ್ಲೇ ಬಿಟ್ಟುಹೋಗಿದ್ದಳು.

ಒಂದು ದಿನ ಅವಳು ನನಗೊಬ್ಬಳಿಗೇ ಮಾತು ಕಳಿಸಿದಳು. "ಅಕ್ಕ, ಮಗು ಆದ ಮೇಲೆ ತಲೆಯ ಒಳಗೆ ಯಾರೋ ಕೂತು ಬೈದ ಹಾಗೆ ಆಗ್ತಿತ್ತು. ಬೀಡಿ ಕೊಡ್ಲಿಕ್ಕೆ ಹೋಗುದು ಅಂತ ಹೇಳಿ ಪುತ್ತೂರಿಗೆ ಹೋಗಿ ಡಾಕ್ಟ್ರಿಗೆ ತೋರಿಸಿದೆ. ಮಾತ್ರೆ ತಿಂದ ಮೇಲೆ ಆ ಬೈಯುವವ ಸುಮ್ಮನಾಗಿದ್ದಾನೆ. ಮನೆಯಲ್ಲಿ ಗೊತ್ತಿಲ್ಲ. ಮಾತ್ರೆ ಹೊಗೆಸೊಪ್ಪಿನ ಡಬ್ಬದ ಅಡಿಯಲ್ಲಿ ಉಂಟು." ಕತ್ತರಿ ಒಂದು ಕ್ಷಣವೂ ನಿಂತಿರಲಿಲ್ಲ. ನನಗೆ ಖುಷಿಯೂ ಆಯಿತು, ಜಂಬವೂ ಬಂತು. ಇಷ್ಟು ಜನರಲ್ಲಿ ಅವಳು ಹೇಳಿದ್ದು ನನಗಲ್ಲವೇ!

ಮುಂದಿನ ವಾರ ಗ್ರೂಪಿನಲ್ಲಿ ಅದೇ ವಿಷಯಕ್ಕೆ ಚರ್ಚೆ ಎದ್ದಿತು. ಮನಸ್ಸಿಗೆ ಮಾತ್ರೆ ತಿನ್ನುವುದೆಲ್ಲ ಕೆಲಸವಿಲ್ಲದವರ ಕಾಯಿಲೆ ಎಂದು ಒಬ್ಬಳು ಬರೆದಳು. ನನಗೆ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ಬಟ್ಟೆ ಬಿಸಾಡಿ ಬರೆದೆ: ಬೀಡಿ ಕಟ್ಟುವ ಒಬ್ಬಳು ನನಗೆ ಗೊತ್ತು, ಹೊಗೆಸೊಪ್ಪಿನ ಡಬ್ಬದ ಅಡಿಯಲ್ಲಿ ಮಾತ್ರೆ ಇಟ್ಟುಕೊಂಡು ಸಂಸಾರ ನಡೆಸುತ್ತಿದ್ದಾಳೆ, ಅವಳಿಗೆ ಕೆಲಸವಿಲ್ಲವೇ? ಹೆಸರು ಹಾಕಲಿಲ್ಲ, ಊರು ಹಾಕಲಿಲ್ಲ. ಆ ಡಬ್ಬ ಎಷ್ಟು ಮನೆಗಳಲ್ಲಿ ಇಲ್ಲ, ಇದು ಯಾರದ್ದೆಂದು ಯಾರಿಗೆ ಗೊತ್ತಾಗಬೇಕು ಎಂದುಕೊಂಡೆ. ಎದುರಿನವಳ ಬಾಯಿ ಕಟ್ಟಿತು. ಗೆದ್ದೆ ಎಂದು ಚಹಾ ತರಿಸಿ ಕುಡಿದೆ.

ಎರಡು ದಿನ ಬಿಟ್ಟು ಸೀರೆಗೆ ಫಾಲ್ಸ್ ಹಾಕಿಸಲು ಬಂದ, ಬೀಡಿ ಕಟ್ಟುವ ಗಿರಾಕಿಯೊಬ್ಬಳು ನಗುತ್ತಾ ಹೇಳಿದಳು. "ಎಂತ ಬರೆದದ್ದು ಮಾರಾಯ್ತಿ ನೀವು! ನಮ್ಮ ಅತ್ತೆ ನನ್ನ ಡಬ್ಬವನ್ನೇ ಮಗುಚಿ ಹಾಕಿದ್ರು. ಪಕ್ಕದ ಮನೆಯಲ್ಲೂ ಹಾಗೇ ಅಂತೆ." ಎಲ್ಲ ಮನೆಯಲ್ಲೂ ಡಬ್ಬ ಉಂಟು ಎಂದು ನಾನು ಧೈರ್ಯ ಮಾಡಿದ್ದೆ. ಅದಕ್ಕೇ ಎಲ್ಲ ಮನೆಯಲ್ಲೂ ಹುಡುಕಿದ್ದರು. ಆಲಂಕಾರಿನವಳ ನಾದಿನಿ ಅದೇ ಗ್ರೂಪಿನಲ್ಲಿ ಇದ್ದಳು.

ಆಮೇಲೆ ಆಲಂಕಾರಿನವಳಿಂದ ಬಂದದ್ದೆಲ್ಲ ಟೈಪ್ ಮಾಡಿದ ಮಾತು. ಎಲ್ಲರೆದುರು, ಗ್ರೂಪಿನಲ್ಲೇ. "ನನಗೆ ಯಾವ ಮಾತ್ರೆಯೂ ಬೇಡ. ಮನೆಯವರು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಇದು ನನ್ನದೇ ನಿರ್ಧಾರ. ಹೆಣ್ಣಿನ ನಿರ್ಧಾರ ಹೆಣ್ಣಿನದ್ದೇ ಎಂದು ನೀವೇ ಹೇಳುತ್ತೀರಲ್ಲ ಅಕ್ಕ?" ನನ್ನದೇ ವಾಕ್ಯ ನನ್ನ ಕಡೆಗೆ ತಿರುಗಿ ನಿಂತಿತ್ತು. ಕೆಳಗೆ ಸಾಲುಸಾಲಾಗಿ ಚಪ್ಪಾಳೆಯ ಚಿತ್ರಗಳು.

ಅವಳೊಬ್ಬಳಿಗೇ ಬೇರೆಯಾಗಿ ಬರೆದೆ: ಒಂದು ಸಲ ನಿನ್ನ ಸ್ವರ ಕೇಳಿಸು. ಸ್ವರ ಬಂತು. "ನಾನು ಆರಾಮ ಇದ್ದೇನೆ ಅಕ್ಕ." ಅವಳದ್ದೇ ಸ್ವರ. ಕೊನೆಯಲ್ಲಿ ಎಲ್ಲೋ ಹಿತ್ತಲಲ್ಲಿ ಹುಂಜ ಕೂಗಿತು. ನೆಮ್ಮದಿಯಾಯಿತು. ನಾಲ್ಕು ದಿನ ಬಿಟ್ಟು ಪುನಃ ಕೇಳಿದೆ. "ನಾನು ಆರಾಮ ಇದ್ದೇನೆ ಅಕ್ಕ", ಹಿಂದೆಯೇ ಹುಂಜ. ಮೂರನೆಯ ಸಲವೂ ಅದೇ ಮಾತು, "ಅಕ್ಕ" ಎಂಬಲ್ಲಿ ಅದೇ ಸಣ್ಣ ಉಸಿರು, ಅದೇ ಕೂಗು. ಕತ್ತರಿಯ ಸದ್ದು ಮಾತ್ರ ಇಲ್ಲ. ಹಾಡುಹಗಲು, ಎದುರು ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಆದರೂ ನನಗೆ ಅಂಗಡಿಯಲ್ಲಿ ಒಬ್ಬಳೇ ಕೂರಲು ಹೆದರಿಕೆಯಾಯಿತು. ಷಟರ್ ಅರ್ಧ ಎಳೆದು ಪಕ್ಕದ ಹಣ್ಣಿನ ಅಂಗಡಿಯಲ್ಲಿ ಹೋಗಿ ನಿಂತೆ.

ಮರುದಿನ ಅಳತೆ ರವಿಕೆಯನ್ನು ಚೀಲಕ್ಕೆ ಹಾಕಿಕೊಂಡು ಆಲಂಕಾರಿನ ಬಸ್ಸು ಹತ್ತಿದೆ. ರವಿಕೆ ಕೊಡಲು ಬಂದ ದರ್ಜಿಯನ್ನು ಯಾರೂ ಓಡಿಸುವುದಿಲ್ಲ.

ಮನೆಯವರು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ನಾದಿನಿ ನಗುತ್ತಲೇ ಒಳಗೆ ಕರೆದು ಬೆಲ್ಲದ ಕಾಫಿ ಕೊಟ್ಟಳು. "ಫೋನ್ ನೋಡಿದ್ರೆ ಅತ್ತಿಗೆಗೆ ತಲೆಬಿಸಿ ಆಗ್ತದೆ ಅಕ್ಕ. ಹಾಗೆ ನಾನೇ ಇಟ್ಕೊಂಡಿದ್ದೇನೆ. ಆ ಮಾತ್ರೆ ತಿಂದ್ರೆ ಮತ್ತೆ ಬಿಡ್ಲಿಕ್ಕೇ ಆಗುದಿಲ್ಲ ಅಂತೆ, ಬಿಸಾಡಿದೆವು." ಅವಳ ಕಣ್ಣಿನಲ್ಲಿ ಕಪಟ ಇರಲಿಲ್ಲ. ಕಪಟ ಇದ್ದಿದ್ದರೆ ನನಗೆ ಜಗಳ ಮಾಡಲು ಸುಲಭವಿತ್ತು.

ಆಲಂಕಾರಿನವಳು ಹಿಂದಿನ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ನಗು ಮುಗಿದ ಮೇಲೂ ತುಟಿ ಹಾಗೆಯೇ ಇತ್ತು. ನಾದಿನಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನನ್ನ ಮಡಿಲಲ್ಲಿ ಫೋನ್ ನಡುಗಿತು. ಎದುರಿಗೆ ಕೂತವಳ ಹೆಸರಿನಲ್ಲಿ ಮಾತು ಬಂದಿತ್ತು: "ನೀವು ಮನೆಗೆ ಬಂದದ್ದು ತುಂಬಾ ಸಂತೋಷವಾಯಿತು ಅಕ್ಕ." ತಲೆಯೆತ್ತಿ ನೋಡಿದೆ. ಅವಳ ಎರಡೂ ಕೈ ಬೀಡಿಗೆ ನೂಲು ಸುತ್ತುತ್ತಿದ್ದವು.

ಏನಾದರೂ ಹೇಳಬೇಕಲ್ಲ ಎಂದು ಕೇಳಿದೆ. "ನಿಮ್ಮ ಹುಂಜ ಎಲ್ಲಿ? ಜೋರು ಕೂಗ್ತದಲ್ಲ?"

"ಹುಂಜವಾ? ಅದನ್ನು ಕೊಯ್ದು ತಿಂಗಳು ಕಳೆಯಿತು ಅಕ್ಕ. ನೆಂಟರು ಬಂದಿದ್ರು."

ಹಾಗಾದರೆ ನನಗೆ ಬರುತ್ತಿದ್ದದ್ದು ಎಂದೋ ಹಿಡಿದಿಟ್ಟ ಒಂದೇ ಸ್ವರ. ಕೊಯ್ದು, ಪದಾರ್ಥ ಮಾಡಿ, ತಿಂದು ಮುಗಿಸಿದ ಹುಂಜ ನನ್ನ ಫೋನಿನಲ್ಲಿ ಮೊನ್ನೆ ಕೂಗಿತ್ತು. ಅದರ ಜೊತೆಗೇ ಇವಳೂ ಆರಾಮ ಇದ್ದಳು.

"ಅಳತೆ ಇನ್ನೊಮ್ಮೆ ತೆಗೀಬೇಕು" ಎಂದು ಗಟ್ಟಿಯಾಗಿ ಹೇಳಿದೆ. ಟೇಪು ಹಿಡಿದ ದರ್ಜಿ ಹೆಂಗಸು ಯಾರ ಮನೆಯಲ್ಲೂ ಕೋಣೆಯ ಬಾಗಿಲು ಹಾಕಬಹುದು. ಯಾರೂ ಯಾಕೆಂದು ಕೇಳುವುದಿಲ್ಲ. ಬಾಗಿಲು ಹಾಕಿ ಟೇಪು ಸುತ್ತಿದೆ. ಎದೆಯಲ್ಲಿ ಮೂರು ಇಂಚು ಕಡಿಮೆಯಾಗಿತ್ತು. ನನಗೆ ಅಳು ಬಂತು.

"ತಪ್ಪಾಯ್ತು ಮಗಾ. ನಾನು ಬರೀಬಾರದಿತ್ತು. ಈಗ ಹೇಳು, ಡಾಕ್ಟ್ರ ಹತ್ತಿರ ಹೋಗುದಾ? ನಾನೇ ಕರ್ಕೊಂಡು ಹೋಗ್ತೇನೆ. ನಿನಗೆ ಎಂತ ಬೇಕು?"

ಅವಳು ತೋಳು ಎತ್ತಿಕೊಂಡೇ ನಿಂತಿದ್ದಳು. ಮೆಲ್ಲಗೆ ಹೇಳಿದಳು. "ನಿಮಗೆ ಹೇಳುದಿಲ್ಲ ಅಕ್ಕ. ನೀವು ಒಳ್ಳೆಯವರೇ. ಆದ್ರೆ ನಿಮಗೆ ಗೆಲ್ಬೇಕು."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಟೇಪನ್ನು ಸುರುಳಿ ಸುತ್ತಿದೆ. ತಂದ ರವಿಕೆಯನ್ನು ಚೀಲದಿಂದ ತೆಗೆದು ಕೊಡಹೋದಾಗ ಅವಳು ತೆಗೆದುಕೊಳ್ಳಲಿಲ್ಲ. "ಅಳತೆಯದ್ದು ನಿಮ್ಮ ಹತ್ತಿರವೇ ಇರ್ಲಿ" ಎಂದಳು. ಅಷ್ಟೇ. ಬಸ್ಸಿನಲ್ಲಿ ಕೂತು ಆ ರವಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕಬಕದವರೆಗೂ ಬಂದೆ.

ಗ್ರೂಪಿನಿಂದ ಹೊರಗೆ ಬಂದೆ. ಈಗ ಅಲ್ಲಿ ಬೇರೆಯವರು ಜಗಳವಾಡುತ್ತಾರೆ. ನಾನು ಸೋತು ಓಡಿದೆ ಎನ್ನುತ್ತಾರಂತೆ. ಹೇಳಲಿ.

ಮುಂದಿನ ತಿಂಗಳು ಟೇಪು ಹಿಡಿದು ಪುನಃ ಹೋದೆ. ಕಾಫಿ, ನಗು, ಬಾಗಿಲು. ನಾನು ಏನೂ ಕೇಳಲಿಲ್ಲ, ಅವಳು ಏನೂ ಹೇಳಲಿಲ್ಲ. ಕೋಣೆಯಲ್ಲಿ ಇದ್ದಾಗಲೇ ಚೀಲದೊಳಗೆ ಫೋನ್ ನಡುಗಿತು. ಹೊರಗೆ ಬಂದ ಮೇಲೆ ಕಿವಿಗಿಟ್ಟು ಕೇಳಿದೆ. ನಾನು ಆರಾಮ ಇದ್ದೇನೆ ಅಕ್ಕ. ಹುಂಜ.

ಇದನ್ನು ಓದಿ ಯಾರೂ ಎದ್ದು ಹೋಗಿ ಡಬ್ಬ ಮಗುಚಬೇಡಿ. ಊರು, ಡಬ್ಬ, ರವಿಕೆ ಯಾವುದನ್ನೂ ಇದ್ದ ಹಾಗೆ ಬರೆದಿಲ್ಲ. ನಾನು ದರ್ಜಿ ಎಂದೂ ನಂಬಬೇಕಾಗಿಲ್ಲ. ಅಷ್ಟು ಬುದ್ಧಿ ನನಗೆ ಈಗ ಬಂದಿದೆ.

ಮೂರನೆಯ ಸಲ ಹೋದಾಗ, ಬಾಗಿಲು ಹಾಕಿ ಟೇಪು ಬಿಚ್ಚುತ್ತಿದ್ದ ಹಾಗೆ, ನಾನು ಕೇಳದೆಯೇ ಅವಳು ನನ್ನ ಕಿವಿಯ ಹತ್ತಿರ ಬಾಗಿ ತನಗೆ ಏನು ಬೇಕೆಂದು ಹೇಳಿದಳು. ಎಂತ ಹೇಳಿದಳೆಂದು ನಿಮಗೆ ಹೇಳುವುದಿಲ್ಲ.