ಮೂಡಲಗಿಯ ಗಾಣದಲ್ಲಿ ನಡುಗಿದ ಕೈ

ಮೂಡಲಗಿಗೆ ಬಂದ ಮರುದಿನ ಮುಂಜಾನೆ ನೀರಿಗೆ ಹೋದೆ. ಬಾವಿಯಲ್ಲಿ ಬಗ್ಗಿ ನೋಡಿದರೆ ನೀರು ಕೈಗೆ ಸಿಗುವಷ್ಟು ಮೇಲಿತ್ತು. ಅಂಜುವಂಥ ಆಳವೇ ಇಲ್ಲ. ಆದರೂ ಕೊಡ ಅಲ್ಲೇ ಬಿಟ್ಟು ಓಡಿ ಬಂದೆ.

ಇಂಡಿ ಕಡೆಯ ನಮ್ಮೂರವರು ಇದನ್ನು ನಂಬಲಿಕ್ಕಿಲ್ಲ. ಮೂರನೇ ಇಯತ್ತೆಗೆ ಸಾಲಿ ಬಿಟ್ಟು ಬಾವಿ ತೋಡಲು ಇಳಿದವ ನಾನು. ನನ್ನಷ್ಟು ಆಳಕ್ಕೆ ಇಳಿದವರು ಆ ಸೀಮೆಯಲ್ಲಿ ಕಡಿಮೆ. ದಂಡೆ ಕುಸಿದು ಜೊತೆಗಾರ ಸಿದ್ದಪ್ಪ ಸತ್ತಾಗ ನಾನೂ ಒಳಗಿದ್ದೆ. ನನ್ನನ್ನು ಜೀವಂತ ಎಳೆದರು. ಆ ಕೆಲಸ ಬಿಟ್ಟು, ಹೆಂಡತಿಯ ಜೊತೆ ಗೋಕಾಕ ರೋಡ ಠೇಸನ್ನಿನಲ್ಲಿ ಇಳಿದು, ಮೂಡಲಗಿಯ ಗಾಣದಲ್ಲಿ ಆಳಾಗಿ ಸೇರಿದೆ.

ಇಲ್ಲಿ ಗಾಣ ಅಂದರೆ ಕಬ್ಬು ಹಿಂಡಿ ಬೆಲ್ಲ ಮಾಡುವ ಜಾಗ. ನಮ್ಮಲ್ಲಿ ಗಾಣ ಕುಸುಬಿ ಎಣ್ಣೆಯದು. ಅಲ್ಲಿ ನೀರಿಗೆ ಬಡಿದಾಟ, ಇಲ್ಲಿ ಆಳುಗಳಿಗೂ ಕಬ್ಬಿನ ಹಾಲು. ಆದರೆ ಗಾಡಿಯಿಂದ ಕಬ್ಬು ಧಡಲ್ಲನೆ ಕೆಡವಿದಾಗೆಲ್ಲ ನನಗೆ ಉಸಿರು ಕಟ್ಟುತ್ತಿತ್ತು. ನಿದ್ದೆ ಇಲ್ಲ. ಹೆಂಡತಿ ಮಾತಾಡಿಸಿದರೆ ಸಿಟ್ಟು. ಪೂಜೆಗೆ ಕೂತು ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ಕೈ ನಡುಗುತ್ತಿತ್ತು. ಜಾರಿ ಬಿದ್ದರೆ ಗತಿ ಏನು? ಪೂಜೆ ಬಿಟ್ಟೆ. ಪೂಜೆಯಿಲ್ಲದೆ ಉಣ್ಣುವ ಮನೆತನ ನಮ್ಮದಲ್ಲ, ಊಟವೂ ನಿಂತಿತು. ಕದ್ದು ಬೆಲ್ಲ ತಿಂದು ದುಡಿದೆ. ಸಿದ್ದಪ್ಪನನ್ನು ಬಿಟ್ಟು ಬದುಕಿದ್ದಕ್ಕೆ ಶಿವ ಮುನಿದಿದ್ದಾನೆ ಅಂತ ಖಾತ್ರಿಯಾಗಿತ್ತು.

ಗಾಣದ ಯಜಮಾನರ ತಾಯಿ ಗಂಗವ್ವ ಒಂದಿನ ನನ್ನನ್ನು ಹಿಡಿದೇಬಿಟ್ಟರು.

"ಏನೋ ತಮ್ಮಾ, ನಮ್ಮ ಮನಿ ರೊಟ್ಟಿ ಮ್ಯಾಲ ಸಿಟ್ಟೇನು?"

"ಹಸಿವಿಲ್ಲರಿ ಅವ್ವಾರ."

"ಹಂಗಾರ ಬೆಲ್ಲದ ಪೆಂಟಿ ಹೆಂಗ ಸಣ್ಣ ಆಗಾಕತ್ತೈತಿ?"

ಹೆಂಡತಿ ಸೆರಗಿನಲ್ಲಿ ನಕ್ಕಳು. ನಾನು ಎಲ್ಲ ಹೇಳಿದೆ.

"ಶಿವಗ ಮುನಿಯಾಕ ಬ್ಯಾರೆ ಯಾರೂ ಸಿಗಲಿಲ್ಲೇನು?" ಅಂದರು. "ನನ್ನ ತಮ್ಮ ಲಡಾಯಿಯಿಂದ ಬಂದು ಹಿಂಗ ನಡುಗತಿದ್ದ. ದೆವ್ವ ಬಡದೈತಿ ಅಂತ ಬೇವಿನ ತಪ್ಪಲದಿಂದ ಹೊಡಿಸಿದ್ವಿ. ದೆವ್ವ ಎಲ್ಲಿಂದ ಬರಬೇಕು, ಕಣ್ಣಿಲೆ ಕಂಡಿದ್ದು ಮೈಯಾಗ ಉಳದಿತ್ತು. ಲಿಂಗ ಕರಡಿಗ್ಯಾಗ ಇಟ್ಟು ಎದಿಗೆ ಹಿಡ್ಕೊ. ಪೂಜಿ ಆತು. ಉಣ್ಣು."

ಕೊರಳಿನ ಕರಡಿಗೆಯನ್ನು ಹಾಗೇ ಎದೆಗೆ ಒತ್ತಿ ಕೂತೆ, ಉಂಡೆ. ಕಬ್ಬು ಕೆಡವುವ ಮೊದಲು ಗಾಡಿಯವರು "ಬಿಡಾಕತ್ತೇವಿ" ಅಂತ ಕೂಗುವಂತೆ ಗಂಗವ್ವನವರೇ ಹೇಳಿಟ್ಟರು. ಕೈ ನಿಲ್ಲಲು ಇಡೀ ಹಂಗಾಮು ಬೇಕಾಯಿತು.

ಹೋದ ಬೇಸಿಗೆಗೆ ಊರಿಗೆ ಹೋದಾಗ ಸಿದ್ದಪ್ಪನ ಹೆಂಡತಿ ಊಟಕ್ಕೆ ಕರೆದರು. ಪೂಜೆಗೆ ಕೂತೆ, ಅಲ್ಲಿ ಕೈ ಮತ್ತೆ ನಡುಗಿತು. ಅವರು ನೋಡಿದರು, ರೊಟ್ಟಿ ಬಡಿಸಿದರು. ನಾನು ಉಂಡು ಏಳುವಾಗ ಅಂದರು: "ಅಣ್ಣಾ, ನಿಮ್ಮೂರಿಗೆ ಯಾವಾಗ ಹೊಂಟ್ರಿ?"

ನಾನು ಕೂತಿದ್ದು ಹುಟ್ಟಿದ ಊರಿನಲ್ಲಿ. "ನಾಳೆ" ಅಂದೆ.